ಕಾಲೇಜನ್ನೇ ಓದೋಕೆ ವಾಪಸ್ ಕಾಲೇಜಿಗೆ: ಹಳೇ ಲೆಕ್ಕ ಈಗ ಯಾಕೆ ಕೂಡ್ತಿಲ್ಲ

ಅಮೆರಿಕದ ದೊಡ್ಡ ಯುನಿವರ್ಸಿಟಿಗಳಲ್ಲಿ ಎಜುಕೇಶನ್ ಸ್ಕೂಲಿನ ಯಾವುದೋ ಒಂದು ಮೂಲೇಲಿ ಹೈಯರ್ ಎಜುಕೇಶನ್ ಅನ್ನೋ ಬೋರ್ಡ್ ಹಾಕ್ಕೊಂಡ ಒಂದು ಡಿಪಾರ್ಟ್‌ಮೆಂಟ್ ಇರುತ್ತೆ. ಉನ್ನತ ಶಿಕ್ಷಣ ಅಂದ್ರೆ ಏನು ಅಂತ ಎಲ್ರಿಗೂ ಗೊತ್ತು, ಆದ್ರೆ ಅದನ್ನೇ ಒಂದು ಸಬ್ಜೆಕ್ಟ್ ಮಾಡ್ಕೊಂಡು ಓದ್ತಾರೆ, ಅದ್ರಲ್ಲಿ ಮಾಸ್ಟರ್ಸ್ ಇದೆ, ಡಾಕ್ಟರೇಟ್ ಇದೆ ಅಂದ್ರೆ ಕೇಳ್ದವರು ಒಂದು ಕ್ಷಣ ಮುಖ ನೋಡ್ತಾರೆ. ಫಿಸಿಕ್ಸ್ ಓದೋರು ಫಿಸಿಕ್ಸ್ ಓದ್ತಾರೆ. ಇವ್ರು ಓದೋದು ಆ ಫಿಸಿಕ್ಸ್ ಡಿಪಾರ್ಟ್‌ಮೆಂಟಿಗೆ ದುಡ್ಡು ಎಲ್ಲಿಂದ ಬರುತ್ತೆ, ಅಲ್ಲಿ ಸೇರಿದ ಹುಡುಗ ಎರಡನೇ ವರ್ಷಕ್ಕೇ ಯಾಕೆ ಬಿಟ್ಟು ಹೋದ, ಅಲ್ಲಿನ ಪ್ರೊಫೆಸರ್ ಡೀನ್ ಮಾತನ್ನ ಯಾಕೆ ಕಿವಿಗೆ ಹಾಕ್ಕೊಳಲ್ಲ, ಇಂಥವನ್ನ.

ಇದಕ್ಕೆ ಸೇರೋರು ಯಾರು ಅಂತ ನೋಡಿದ್ರೆ ಬಹಳಷ್ಟು ಜನ ಆಗ್ಲೇ ಯಾವುದೋ ಕ್ಯಾಂಪಸ್ಸಲ್ಲಿ ಸಂಬಳ ತಗೊಳ್ತಿರೋರೇ. ಪ್ರೊಫೆಸರ್‌ಗಳಲ್ಲ, ಅವ್ರಿಗೆ ಇದರ ಅಗತ್ಯ ಇಲ್ಲ (ಅಂತ ಅವ್ರು ಅಂದ್ಕೊಂಡಿರ್ತಾರೆ). ಅಡ್ಮಿಶನ್ ಆಫೀಸಲ್ಲಿ ಅಪ್ಲಿಕೇಶನ್ ಓದೋರು, ಯಾವ ಕೋರ್ಸ್ ತಗೋ ಯಾವುದು ಬಿಡು ಅಂತ ಹೇಳೋ ಅಡ್ವೈಸರ್‌ಗಳು, ಹಾಸ್ಟೆಲ್ ನೋಡ್ಕೊಳ್ಳೋರು, ಫೈನಾನ್ಷಿಯಲ್ ಏಡ್ ಕೌಂಟರಲ್ಲಿ ಕೂತೋರು. ಏಳೆಂಟು ವರ್ಷ ಅದೇ ಕುರ್ಚೀಲಿ ಕೂತು, ಒಂದಿನ ಮೇಲಿನ ಹುದ್ದೆಯ ಜಾಹೀರಾತು ತೆಗೆದು ನೋಡಿದ್ರೆ ಮಾಸ್ಟರ್ಸ್ ಕಡ್ಡಾಯ, ಡಾಕ್ಟರೇಟ್ ಇದ್ದವರಿಗೆ ಆದ್ಯತೆ ಅಂತ ಬರೆದಿರುತ್ತೆ, ಅಲ್ಲಿಂದ ಶುರುವಾಗುತ್ತೆ ತಲೆ ಕೆಡಿಸ್ಕೊಳ್ಳೋದು, ಈ ವಯಸ್ಸಲ್ಲಿ ಮತ್ತೆ ಗ್ರ್ಯಾಜುಯೇಟ್ ಸ್ಕೂಲಾ ಅಂತ (ಬ್ಯಾಚುಲರ್ಸ್ ಆದ್ಮೇಲಿನ ಓದಿಗೆ ಅಲ್ಲಿ ಹಾಗಂತಾರೆ).

ಇಷ್ಟು ವರ್ಷ ಇದಕ್ಕೆ ಒಂದು ಸಿದ್ಧ ಉತ್ತರ ಇತ್ತು. ಹೋಗು, ಕೆಲಸ ಮಾಡೋ ಯುನಿವರ್ಸಿಟಿನೇ ಫೀಸ್ ಬಿಟ್ಟುಬಿಡುತ್ತೆ, ಬಿಡದಿದ್ರೆ ಸರ್ಕಾರಿ ಲೋನ್ ಸಿಗುತ್ತೆ, ಹತ್ತು ವರ್ಷ ಕಂತು ಕಟ್ಟಿದ್ರೆ ಉಳಿದ ಲೋನೂ ಮನ್ನಾ, ಆಮೇಲೆ ಪ್ರಮೋಶನ್ ಹೇಗೂ ಇದೆ. ಈ ನಾಲ್ಕು ಮಾತಲ್ಲಿ ಒಂದೂ ಪೂರ್ತಿ ಸುಳ್ಳಲ್ಲ, ಆದ್ರೆ ನಾಲ್ಕಕ್ಕೂ ಒಂದೊಂದು ಬಾಲ ಇದೆ, ಆ ಬಾಲಗಳು 2026ರ ಜುಲೈ 1ರಿಂದ ಇನ್ನೂ ಉದ್ದ ಆಗ್ತವೆ. ಅದರ ಲೆಕ್ಕಕ್ಕೆ ಆಮೇಲೆ ಬರ್ತೀನಿ. ಅದಕ್ಕಿಂತ ಮುಂಚೆ ಈ ಸಬ್ಜೆಕ್ಟಲ್ಲಿ ನಿಜವಾಗ್ಲೂ ಏನಿದೆ ಅಂತ ಹೇಳ್ಬೇಕು, ಯಾಕಂದ್ರೆ ಡಿಗ್ರಿ ತಗೊಂಡ್ರೆ ಏನು ಸಿಗುತ್ತೆ ಅಂತ ಎಲ್ರೂ ಕೇಳ್ತಾರೆ, ಒಳಗೆ ಏನು ಓದಿಸ್ತಾರೆ ಅಂತ ಕೇಳೋರು ಕಮ್ಮಿ.

ಇತಿಹಾಸ ಜಾಸ್ತಿ ಬೇಡ. 1893ರಲ್ಲಿ ಮ್ಯಾಸಚೂಸೆಟ್ಸ್‌ನ ಕ್ಲಾರ್ಕ್ ಯುನಿವರ್ಸಿಟೀಲಿ ಜಿ. ಸ್ಟ್ಯಾನ್ಲಿ ಹಾಲ್ ಉನ್ನತ ಶಿಕ್ಷಣದ ಬಗ್ಗೆನೇ ಒಂದು ಕೋರ್ಸ್ ಶುರು ಮಾಡಿದ್ರು, ಅದನ್ನೇ ಈ ಕ್ಷೇತ್ರದ ಹುಟ್ಟು ಅಂತ ಹೇಳೋದು ರೂಢಿ. ಆದ್ರೆ ನಿಜವಾಗಿ ಬೆಳೆದಿದ್ದು ಎರಡನೇ ಮಹಾಯುದ್ಧ ಆದ್ಮೇಲೆ. 1944ರ ಜಿಐ ಬಿಲ್ ಅನ್ನೋ ಕಾನೂನು ಯುದ್ಧದಿಂದ ವಾಪಸ್ ಬಂದ ಸೈನಿಕರನ್ನ ಕಾಲೇಜಿಗೆ ತಂತು, 1965ರ ಹೈಯರ್ ಎಜುಕೇಶನ್ ಆಕ್ಟ್ ಕೇಂದ್ರದ ಲೋನು ಗ್ರಾಂಟುಗಳನ್ನ ತಂತು, ಕ್ಯಾಂಪಸ್‌ಗಳು ಊದ್ಕೊಂಡ್ವು, ಊದ್ಕೊಂಡಿದ್ದನ್ನ ನಡೆಸೋಕೆ ಜನ ಬೇಕಾದ್ರು. ಈ ಕ್ಷೇತ್ರದವರದ್ದೇ ಸಂಘ, ಅಸೋಸಿಯೇಶನ್ ಫಾರ್ ದ ಸ್ಟಡಿ ಆಫ್ ಹೈಯರ್ ಎಜುಕೇಶನ್, ಹುಟ್ಟಿದ್ದು 1976ರಲ್ಲಿ. ಅಂದ್ರೆ ಸಬ್ಜೆಕ್ಟಿಗೆ ಐವತ್ತು ವರ್ಷ ಅಂತಾನೇ ಇಟ್ಕೊಳ್ಳಿ.

ಮೊದಲ ಸೆಮಿಸ್ಟರಲ್ಲಿ ಬಹುತೇಕ ಎಲ್ಲಾ ಕಡೆ ಮಾರ್ಟಿನ್ ಟ್ರೋ ಸಿಗ್ತಾರೆ. ಬರ್ಕ್ಲಿಯ ಸಮಾಜಶಾಸ್ತ್ರಜ್ಞ. 1973ರಲ್ಲಿ ಅವ್ರು ಹೇಳಿದ್ದು ಏನಂದ್ರೆ, ಒಂದು ದೇಶದ ಕಾಲೇಜು ವಯಸ್ಸಿನವರಲ್ಲಿ ನೂರಕ್ಕೆ 15 ಜನ ಓದೋ ತನಕ ಅದು ಎಲೈಟ್ ವ್ಯವಸ್ಥೆ, 15ರಿಂದ 50ರ ತನಕ ಮಾಸ್, 50 ದಾಟಿದ್ರೆ ಯುನಿವರ್ಸಲ್. ಕೇಳೋಕೆ ಬರೀ ಶೇಕಡಾ ಲೆಕ್ಕ. ಆದ್ರೆ ಪಾಯಿಂಟ್ ಬೇರೆ ಇದೆ, ಸಂಖ್ಯೆ ಬದಲಾದಾಗ ಕಾಲೇಜಿನ ಅರ್ಥನೇ ಬದಲಾಗುತ್ತೆ: ಮೊದಲನೇ ಹಂತದಲ್ಲಿ ಓದು ಅದೃಷ್ಟವಂತರ ಸವಲತ್ತು, ಎರಡನೇದ್ರಲ್ಲಿ ಯೋಗ್ಯತೆ ಇದ್ದವರ ಹಕ್ಕು, ಮೂರನೇದಕ್ಕೆ ಬಂದ್ರೆ ಅದು ಹೆಚ್ಚುಕಮ್ಮಿ ಬಾಧ್ಯತೆ, ಓದದೇ ಇದ್ದವನು ಯಾಕೆ ಓದಿಲ್ಲ ಅಂತ ವಿವರಣೆ ಕೊಡ್ಬೇಕು. ಇದನ್ನ ಒಂದ್ಸಲ ಓದಿ ಆಮೇಲೆ ಆಫೀಸಿನ ಜಾಹೀರಾತಲ್ಲಿ ಮಾಸ್ಟರ್ಸ್ ಕಡ್ಡಾಯ ಅನ್ನೋ ಸಾಲು ನೋಡಿದ್ರೆ ಬೇರೆ ತರ ಕಾಣುತ್ತೆ. ಎಲ್ರ ಹತ್ರಾನೂ ಬ್ಯಾಚುಲರ್ಸ್ ಇದ್ದಾಗ ಸೋಸೋ ಜರಡಿಯನ್ನ ಒಂದು ಮೆಟ್ಟಿಲು ಮೇಲೆ ಇಡ್ತಾರೆ, ಅಷ್ಟೇ.

ಆದ್ರೆ ಕೆಲಸ ಮಾಡ್ತಾ ಓದೋಕೆ ಬಂದೋರನ್ನ ಜೋರಾಗಿ ತಟ್ಟೋದು ಟ್ರೋ ಅಲ್ಲ, ಬರ್ಟನ್ ಕ್ಲಾರ್ಕ್. 1960ರಲ್ಲಿ ಅವ್ರದ್ದು ಒಂದು ಪುಟ್ಟ ಪೇಪರ್ ಬಂತು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಒಂದು ಜೂನಿಯರ್ ಕಾಲೇಜನ್ನ (ನಮ್ಮ ಪಿಯುಸಿ ಅಲ್ಲ, ಹೈಸ್ಕೂಲ್ ಮುಗಿದ ಮೇಲೆ ಸೇರೋ ಎರಡು ವರ್ಷದ ಕಾಲೇಜು) ನೋಡಿ ಬರೆದಿದ್ದು. ಅಲ್ಲಿಗೆ ಬರೋ ಬಹುಪಾಲು ಹುಡುಗ ಹುಡುಗಿಯರು ಎರಡು ವರ್ಷ ಇಲ್ಲಿ ಓದಿ ಆಮೇಲೆ ನಾಲ್ಕು ವರ್ಷದ ಕಾಲೇಜಿಗೆ ಹೋಗ್ತೀನಿ ಅಂತ ಬರ್ತಾರೆ, ಅವ್ರಲ್ಲಿ ತುಂಬಾ ಜನ ಹೋಗಲ್ಲ. ಆದ್ರೆ ಅವ್ರಿಗೆ ಯಾರೂ ನಿನ್ನ ಕೈಲಿ ಆಗಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಲ್ಲ. ಮೊದಲು ಯಾವ ಮಟ್ಟದ ಕ್ಲಾಸಿಗೆ ಹಾಕ್ಬೇಕು ಅಂತ ನೋಡೋ ಒಂದು ಪ್ಲೇಸ್‌ಮೆಂಟ್ ಟೆಸ್ಟ್, ಆಮೇಲೆ ಕೌನ್ಸೆಲರ್ ಜೊತೆ ಮಾತು, ಆಮೇಲೆ ನಿನ್ನ ಬಗ್ಗೆ ನೀನೇ ತಿಳ್ಕೋ ಅನ್ನೋ ತರದ ಒಂದು ಕೋರ್ಸ್, ಆಮೇಲೆ ಮಾರ್ಕ್ಸ್ ಸಾಲ್ತಿಲ್ಲ ಅನ್ನೋ ಪ್ರೊಬೇಶನ್ ನೋಟಿಸ್, ಹೀಗೆ ಒಂದೊಂದೇ ಮೆಟ್ಟಿಲು ಇಳಿಸ್ತಾ ಕೊನೆಗೆ ಆ ಹುಡುಗನೇ, ಸರಿ ನಂಗೆ ಟೆಕ್ನಿಕಲ್ ಕೋರ್ಸೇ ಸೂಟ್ ಆಗುತ್ತೆ ಅಂತ ಒಪ್ಕೊಳ್ಳೋ ಹಾಗೆ ಮಾಡ್ತಾರೆ. ಕ್ಲಾರ್ಕ್ ಇದಕ್ಕೆ ಕೂಲಿಂಗ್ ಔಟ್, ಅಂದ್ರೆ ತಣ್ಣಗಾಗಿಸೋದು, ಅಂದ್ರು. ಆ ಮಾತು ಅವ್ರದ್ದಲ್ಲ, ಅರ್ವಿಂಗ್ ಗಾಫ್‌ಮನ್ 1952ರಲ್ಲಿ ಮೋಸಗಾರರ ಬಗ್ಗೆ ಬರೆದಿದ್ದರಿಂದ ಎತ್ತಿಕೊಂಡಿದ್ದು: ದುಡ್ಡು ಕಳ್ಕೊಂಡವನು ಪೊಲೀಸ್ ಹತ್ರ ಹೋಗದ ಹಾಗೆ ಗುಂಪಿನಲ್ಲಿ ಒಬ್ಬ ಹಿಂದೆ ಉಳಿದು ಸಮಾಧಾನ ಮಾಡ್ತಾನಲ್ಲ, ಆ ಕೆಲಸ.

ಈಗ ಯೋಚನೆ ಮಾಡಿ, ಎಂಟು ವರ್ಷ ಅಡ್ವೈಸರ್ ಆಗಿದ್ದ ಒಬ್ಬಳು ಸಂಜೆ ಕ್ಲಾಸಲ್ಲಿ ಕೂತು ಇದನ್ನ ಓದ್ತಾಳೆ. ಅವತ್ತು ಬೆಳಗ್ಗೆ ತಾನೇ ಕ್ಯಾಲ್ಕುಲಸ್‌ಲಿ ಎರಡು ಸಲ ಫೇಲಾದ ಹುಡುಗನಿಗೆ, ಇಂಜಿನಿಯರಿಂಗ್ ಬಿಟ್ಟು ಬೇರೆ ಮೇಜರ್ ನೋಡೋಣ್ವಾ, ನಿಂಗೆ ಜನರ ಜೊತೆ ಚೆನ್ನಾಗಿ ಬೆರೆಯೋ ಗುಣ ಇದೆ ಅಂತ ಹೇಳಿ ಬಂದಿರ್ತಾಳೆ. ಅದು ಸುಳ್ಳಲ್ಲ, ಅವನ ಒಳ್ಳೇದಕ್ಕೇ ಹೇಳಿದ್ದು, ಸ್ಕಾಲರ್‌ಶಿಪ್ ಉಳೀಬೇಕು ಅಂದ್ರೆ ಗ್ರೇಡ್ ಬೇಕು. ಆದ್ರೆ ಅವಳು ಮಾಡಿದ ಕೆಲಸಕ್ಕೆ ಅರವತ್ತು ವರ್ಷದ ಹಿಂದೇನೇ ಒಬ್ಬ ಹೆಸರಿಟ್ಟಿದ್ದಾನೆ, ಆ ಹೆಸರು ಮೋಸಗಾರರ ಭಾಷೆಯಿಂದ ಬಂದಿದೆ, ಜೊತೆಗೆ ಆ ಪೇಪರು ಅವಳನ್ನ ವೈಯಕ್ತಿಕವಾಗಿ ಬೈಯೋದೂ ಇಲ್ಲ, ಎಲ್ರನ್ನೂ ಒಳಗೆ ಬಿಡ್ತೀವಿ ಅನ್ನೋ ಬಾಗಿಲು ಮತ್ತು ಎಲ್ರಿಗೂ ಡಿಗ್ರಿ ಕೊಡಕ್ಕಾಗಲ್ಲ ಅನ್ನೋ ಗೋಡೆ ಎರಡೂ ಒಂದೇ ಕಟ್ಟಡದಲ್ಲಿ ಇದ್ದಾಗ ಮಧ್ಯದಲ್ಲಿ ಯಾರಾದ್ರೂ ಈ ಕೆಲಸ ಮಾಡ್ಲೇಬೇಕಾಗುತ್ತೆ ಅಂತ ಅಷ್ಟೇ ಹೇಳುತ್ತೆ. ಮಾರನೇ ದಿನ ಆಫೀಸಿಗೆ ಹೋದ್ರೆ ಅದೇ ಟೇಬಲ್, ಅದೇ ಹುಡುಗರು, ಆದ್ರೆ ಮಾತಾಡೋವಾಗ ತನ್ನ ಮಾತು ತನಗೇ ಕೇಳ್ಸೋಕೆ ಶುರುವಾಗುತ್ತೆ. ಹೊಸದಾಗಿ ಡಿಗ್ರಿ ಮುಗಿಸಿ ನೇರವಾಗಿ ಬಂದ ಇಪ್ಪತ್ತೆರಡರ ಹುಡುಗರಿಗೆ ಈ ಪೇಪರ್ ಒಂದು ರೀಡಿಂಗ್, ಮುಗೀತು. ಕೆಲಸ ಮಾಡಿ ಬಂದವರಿಗೆ ಮಾತ್ರ ಇದು ಕುಟುಕುತ್ತೆ. ವಾಪಸ್ ಹೋಗಿ ಓದೋದ್ರಲ್ಲಿ ಏನಾದ್ರೂ ನಿಜವಾದ ಲಾಭ ಇದ್ರೆ ಅದು ಇಲ್ಲಿದೆ ಅಂತ ನನ್ನ ಅನಿಸಿಕೆ, ಮತ್ತು ಇದನ್ನ ಯಾವ ಪ್ರೋಗ್ರಾಂ ಬ್ರೋಷರೂ ಹೇಳಲ್ಲ, ನಿಮ್ಮ ಕೆಲಸದ ಬಗ್ಗೆ ನಿಮಗೆ ಮುಜುಗರ ಆಗೋ ಹಾಗೆ ಮಾಡ್ತೀವಿ ಅಂತ ಯಾರು ತಾನೇ ಜಾಹೀರಾತು ಕೊಡ್ತಾರೆ.

ಮೀಟಿಂಗ್‌ಗಳಲ್ಲಿ ಜೀವ ಸವೆಸಿದವರಿಗೆ ಇನ್ನೊಂದು ಖುಷಿ ಕಾದಿರುತ್ತೆ. 1972ರಲ್ಲಿ ಕೋಹೆನ್, ಮಾರ್ಚ್, ಓಲ್ಸನ್ ಅಂತ ಮೂವರು ಸೇರಿ ಯುನಿವರ್ಸಿಟಿಗಳು ನಿರ್ಧಾರ ತಗೊಳ್ಳೋ ರೀತಿಗೆ ಕಸದ ಡಬ್ಬಿ ಮಾಡೆಲ್ ಅಂತ ಹೆಸರು ಕೊಟ್ರು. ಸಮಸ್ಯೆ ಬಂತು, ಯೋಚಿಸಿದ್ರು, ಪರಿಹಾರ ಹುಡುಕಿದ್ರು ಅಂತ ನಡೆಯೋದೇ ಇಲ್ಲ ಅಲ್ಲಿ. ಪರಿಹಾರಗಳು ಯಾರದ್ದೋ ಜೇಬಲ್ಲಿ ಮೊದ್ಲೇ ಇರ್ತವೆ, ಸಮಸ್ಯೆಗಳು ಬೇರೆ ಕಡೆ ತೇಲ್ತಿರ್ತವೆ, ಜನ ಬರ್ತಾರೆ ಹೋಗ್ತಾರೆ, ಇದೆಲ್ಲ ಒಂದು ಮೀಟಿಂಗ್ ಅನ್ನೋ ಡಬ್ಬೀಲಿ ಒಟ್ಟಿಗೆ ಬಿದ್ದಾಗ ಅದಕ್ಕೆ ನಿರ್ಧಾರ ಅಂತ ಕರೀತಾರೆ. ಹೊಸ ಸಾಫ್ಟ್‌ವೇರ್ ಮೊದ್ಲು ಕೊಂಡು ಅದಕ್ಕೆ ಕೆಲಸ ಆಮೇಲೆ ಹುಡುಕಿದ್ದನ್ನ ಕಣ್ಣಾರೆ ನೋಡಿದವರು ಇದನ್ನ ಓದಿ ನಕ್ಕು ಸುಸ್ತಾಗ್ತಾರೆ. ಇನ್ನು ದುಡ್ಡಿನ ವಿಷಯಕ್ಕೆ ಹೊವಾರ್ಡ್ ಬೋವೆನ್ 1980ರಲ್ಲಿ ಹೇಳಿದ್ದು ಇವತ್ತಿಗೂ ಕ್ಲಾಸಲ್ಲಿ ಜಗಳ ಹಚ್ಚುತ್ತೆ: ಯುನಿವರ್ಸಿಟಿ ಎಷ್ಟು ದುಡ್ಡು ಎತ್ತೋಕೆ ಸಾಧ್ಯವೋ ಅಷ್ಟು ಎತ್ತುತ್ತೆ, ಎತ್ತಿದ್ದಷ್ಟನ್ನೂ ಖರ್ಚು ಮಾಡುತ್ತೆ, ಆದ್ದರಿಂದ ಖರ್ಚು ಎಷ್ಟು ಅನ್ನೋದನ್ನ ಅಗತ್ಯ ತೀರ್ಮಾನ ಮಾಡಲ್ಲ, ಆದಾಯ ತೀರ್ಮಾನ ಮಾಡುತ್ತೆ.

ಬೋವೆನ್ ಮಾತನ್ನ ನೆನಪಲ್ಲಿಟ್ಕೊಂಡು ಈಗ ಈ ಡಿಗ್ರಿಯನ್ನೇ ನೋಡಿ. ತನ್ನ ಹುದ್ದೆಗಳಿಗೆ ಮಾಸ್ಟರ್ಸ್ ಬೇಕು ಅಂತ ನಿಯಮ ಮಾಡೋದು ಯುನಿವರ್ಸಿಟಿ. ಆ ಮಾಸ್ಟರ್ಸ್ ಮಾರೋದೂ ಯುನಿವರ್ಸಿಟಿ. ಕೊಳ್ಳೋದು ಅದೇ ಯುನಿವರ್ಸಿಟಿಯ ಅಥವಾ ಪಕ್ಕದ ಯುನಿವರ್ಸಿಟಿಯ ನೌಕರ. ಇದ್ರಲ್ಲಿ ಪಿತೂರಿ ಏನೂ ಇಲ್ಲ, ಯಾರೂ ಕೂತು ಪ್ಲಾನ್ ಮಾಡಿಲ್ಲ, ಕಸದ ಡಬ್ಬಿಯಿಂದ ಹೊರಗೆ ಬಂದಿದ್ದೇ ಇದೂ, ಆದ್ರೆ ತಕ್ಕಡಿ ಮಾರೋನೇ ತೂಕ ಹೇಳೋ ಹುದ್ದೇಲಿ ಕೂತಾಗ ಗಿರಾಕಿ ಸ್ವಲ್ಪ ಎಚ್ಚರವಾಗಿರ್ಬೇಕು.

ಹೋಗೋದೇ ಅಂತ ಆದ್ರೆ ಯಾವುದಕ್ಕೆ? ಮೂರು ಬಾಗಿಲಿವೆ, ಹೊರಗಿಂದ ನೋಡಿದ್ರೆ ಒಂದೇ ತರ ಕಾಣ್ತವೆ. ಮಾಸ್ಟರ್ಸ್ ಅಂದ್ರೆ ಸಾಮಾನ್ಯವಾಗಿ ಎರಡು ವರ್ಷ, ಸ್ಟೂಡೆಂಟ್ ಅಫೇರ್ಸ್ (ಹಾಸ್ಟೆಲ್, ಅಡ್ವೈಸಿಂಗ್ ತರದ, ಕ್ಲಾಸಿನ ಹೊರಗೆ ವಿದ್ಯಾರ್ಥಿಗಳನ್ನ ನೋಡ್ಕೊಳ್ಳೋ) ಕೆಲಸಗಳಿಗೆ ಪ್ರವೇಶಪತ್ರ. ಪಿಎಚ್‌ಡಿ ಸಂಶೋಧನೆಗೆ, ಪ್ರೊಫೆಸರ್ ಆಗೋಕೆ ಅಥವಾ ಪಾಲಿಸಿ ಸಂಸ್ಥೆಗೆ ಹೋಗೋಕೆ, ಪೂರ್ತಿ ಸಮಯ ಕೇಳುತ್ತೆ. ಇವೆರಡರ ಮಧ್ಯೆ ಎಡ್‌ಡಿ, ಡಾಕ್ಟರ್ ಆಫ್ ಎಜುಕೇಶನ್, ಕೆಲಸ ಬಿಡದೇ ವಾರಾಂತ್ಯದಲ್ಲೋ ಆನ್‌ಲೈನಲ್ಲೋ ಒಂದು ತಂಡದ ಜೊತೆ ಮೂರ್ನಾಲ್ಕು ವರ್ಷದಲ್ಲಿ ಮುಗಿಸ್ಬಹುದು ಅಂತ ಹೇಳೋದು. ಈ ಎಡ್‌ಡಿ ಬಗ್ಗೆ ಹಳೇ ಗೊಂದಲ ಇದೆ. ಹಾರ್ವರ್ಡ್ 1920ರ ದಶಕದ ಆರಂಭದಲ್ಲೇ ಇದನ್ನ ಶುರು ಮಾಡ್ತು, ಆಮೇಲೆ ದಶಕಗಟ್ಟಲೆ ಇದು ಅರ್ಧ ಪಿಎಚ್‌ಡಿ ಅನ್ನೋ ಹೀಯಾಳಿಕೆ ಕೇಳ್ಕೊಂಡೇ ಬಂತು, ಯಾಕಂದ್ರೆ ಎಷ್ಟೋ ಕಡೆ ಎರಡರ ಸಿಲೆಬಸ್ಸಿಗೂ ವ್ಯತ್ಯಾಸವೇ ಇರ್ಲಿಲ್ಲ. 2007ರಲ್ಲಿ ಕಾರ್ನೆಗಿ ಪ್ರಾಜೆಕ್ಟ್ ಅಂತ ಶುರುವಾದ ಪ್ರಯತ್ನ ಇದನ್ನ ಸರಿ ಮಾಡೋಕೆ ಹೊರಟಿತು: ಎಡ್‌ಡಿ ಮಾಡೋನು ಸಿದ್ಧಾಂತ ಕಟ್ಟೋದು ಬೇಡ, ತಾನು ಕೆಲಸ ಮಾಡೋ ಜಾಗದ ಒಂದು ನಿಜವಾದ ಸಮಸ್ಯೆ ಎತ್ಕೊಂಡು ಅದನ್ನ ಶಿಸ್ತಾಗಿ ಅಧ್ಯಯನ ಮಾಡಿ ಏನಾದ್ರೂ ಬದಲಾಯಿಸಲಿ ಅಂತ.

ಓದೋಕೆ ಇದು ಚೆನ್ನಾಗಿದೆ, ಮಾಡೋಕೆ ಹೋದ್ರೆ ಒಂದು ಮುಳ್ಳಿದೆ, ಅದರ ಬಗ್ಗೆ ಅಡ್ಮಿಶನ್ ಸಮಯದಲ್ಲಿ ಯಾರೂ ಬಾಯಿ ಬಿಡಲ್ಲ. ನಿಮ್ಮ ಆಫೀಸನ್ನೇ ನೀವು ಸಂಶೋಧನೆ ಮಾಡ್ಬೇಕು ಅಂದಾಗ ಇಂಟರ್‌ವ್ಯೂ ಕೊಡೋ ವಿದ್ಯಾರ್ಥಿ ನಾಳೆ ನಿಮ್ಮ ಸಹಿಗೆ ಬರೋನು, ಅವನು ಇಲ್ಲ ಅನ್ನೋಕೆ ಆಗುತ್ತಾ? ಜನರ ಮೇಲೆ ಮಾಡೋ ಸಂಶೋಧನೆಗೆ ಒಪ್ಪಿಗೆ ಕೊಡೋ ಯುನಿವರ್ಸಿಟಿಯ ರಿವ್ಯೂ ಬೋರ್ಡ್ ಇದನ್ನ ಕೇಳೇ ಕೇಳುತ್ತೆ, ಕೇಳ್ಬೇಕು ಕೂಡ, ಹಾಗಾಗಿ ಇಂಟರ್‌ವ್ಯೂ ಬೇರೆಯವರ ಕೈಲಿ ಮಾಡ್ಸಿ, ಹೆಸರು ತೆಗೆದ ಡೇಟಾ ಮಾತ್ರ ತಗೊಳ್ಳಿ, ಅಂತೆಲ್ಲ ಷರತ್ತು ಬರುತ್ತೆ. ವಿದ್ಯಾರ್ಥಿ ಕಥೆ ಹಾಗಾದ್ರೆ ಬಾಸ್ ಕಥೆ ಇನ್ನೊಂದು. ನಿಮ್ಮ ಮೇಲಿನವರು ಬಹಳ ಹೆಮ್ಮೆಯಿಂದ ತಂದ ಒಂದು ಹೊಸ ಪ್ರೋಗ್ರಾಮಿಂದ ಏನೂ ಪ್ರಯೋಜನ ಆಗಿಲ್ಲ ಅಂತ ನಿಮ್ಮ ಡೇಟಾ ಹೇಳ್ತು ಅಂತಿಟ್ಕೊಳ್ಳಿ. ಪ್ರಬಂಧ ಸಾರ್ವಜನಿಕವಾಗಿ ಸಿಗೋ ಹಾಗೆ ಲೈಬ್ರರಿ ಸೇರುತ್ತೆ, ಕಾಲೇಜಿನ ಹೆಸರನ್ನ ಮಧ್ಯಪಶ್ಚಿಮದ ಒಂದು ಮಧ್ಯಮ ಗಾತ್ರದ ಸಾರ್ವಜನಿಕ ಯುನಿವರ್ಸಿಟಿ ಅಂತ ಮುಚ್ಚಿಟ್ರೂ, ಮುಖಪುಟದಲ್ಲಿ ನಿಮ್ಮ ಹೆಸರಿರುತ್ತೆ, ನೀವು ಎಲ್ಲಿ ಕೆಲಸ ಮಾಡ್ತೀರಿ ಅಂತ ಊರಿಗೆಲ್ಲ ಗೊತ್ತು. ಅದಕ್ಕೇ ಎಷ್ಟೋ ಜನ ಯಾರಿಗೂ ನೋವಾಗದ ಪ್ರಶ್ನೆ ಆರಿಸ್ಕೊಳ್ತಾರೆ, ನಾನು ದೂರಲ್ಲ, ಆದ್ರೆ ಕೆಲಸದ ಜಾಗದ ನಿಜವಾದ ಸಮಸ್ಯೆ ಅನ್ನೋ ಮಾತು ಆಗ ಬರೀ ಮಾತಾಗಿಬಿಡುತ್ತೆ.

ಎಷ್ಟು ವರ್ಷ ಹಿಡಿಯುತ್ತೆ ಅನ್ನೋದೂ ಬ್ರೋಷರಲ್ಲಿ ಇರೋದಕ್ಕಿಂತ ಬೇರೆ. ಅಮೆರಿಕದಲ್ಲಿ ಡಾಕ್ಟರೇಟ್ ತಗೊಂಡವರ ಸಮೀಕ್ಷೆ ಪ್ರತಿ ವರ್ಷ ನಡೆಯುತ್ತೆ, ಅದ್ರಲ್ಲಿ ಗ್ರ್ಯಾಜುಯೇಟ್ ಸ್ಕೂಲಿಗೆ ಮೊದಲು ಕಾಲಿಟ್ಟ ದಿನದಿಂದ ಡಾಕ್ಟರೇಟ್ ಕೈಗೆ ಬರೋ ತನಕದ ಅವಧಿ ಎಜುಕೇಶನ್ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಉದ್ದ, ಹತ್ತು ವರ್ಷಕ್ಕಿಂತ ಜಾಸ್ತಿ. ಮಧ್ಯೆ ಕೆಲಸಕ್ಕೆ ಹೋಗಿ ಬಂದ ವರ್ಷಗಳೂ ಅದ್ರಲ್ಲಿ ಸೇರಿವೆ, ಆದ್ದರಿಂದ ಗಾಬರಿ ಬೀಳೋದು ಬೇಡ. ಗಾಬರಿ ಬೀಳ್ಬೇಕಾದ್ದು ಮುಗಿಸದೇ ಉಳಿಯೋರ ಬಗ್ಗೆ. ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್ ಮಾಡಿದ ದೊಡ್ಡ ಅಧ್ಯಯನದಲ್ಲಿ ಪಿಎಚ್‌ಡಿ ಶುರು ಮಾಡಿದವರಲ್ಲಿ ಹತ್ತು ವರ್ಷದೊಳಗೆ ಮುಗಿಸಿದವರು ಸುಮಾರು 57%, ಅದೂ ಇಂಜಿನಿಯರಿಂಗ್, ವಿಜ್ಞಾನ, ಸಮಾಜ ವಿಜ್ಞಾನ, ಮಾನವಿಕಗಳ ಲೆಕ್ಕ, ಎಜುಕೇಶನ್ ಅದ್ರಲ್ಲಿ ಇರ್ಲೇ ಇಲ್ಲ. ತಮಾಷೆ ಅಂದ್ರೆ ವಿದ್ಯಾರ್ಥಿಗಳು ಯಾಕೆ ಬಿಟ್ಟು ಹೋಗ್ತಾರೆ ಅನ್ನೋದು ಈ ಸಬ್ಜೆಕ್ಟಿನ ಅತಿ ಹಳೇ ಪ್ರಶ್ನೆ. ವಿನ್ಸೆಂಟ್ ಟಿಂಟೋ 1975ರಲ್ಲಿ ಕ್ಯಾಂಪಸ್ ಜೊತೆ ಬೆರೆಯದಿದ್ರೆ ಬಿಡ್ತಾರೆ ಅಂದ್ರು, ಹತ್ತು ವರ್ಷ ಆದ್ಮೇಲೆ ಬೀನ್ ಮತ್ತು ಮೆಟ್ಸ್‌ನರ್ ಅನ್ನೋರು, ಅದು ಹಾಸ್ಟೆಲ್ಲಲ್ಲಿ ಇರೋ ಹದಿನೆಂಟರ ಹುಡುಗರಿಗೆ ಸರಿ, ವಯಸ್ಸಾದ ಪಾರ್ಟ್ ಟೈಮ್ ವಿದ್ಯಾರ್ಥಿಗಳು ಬಿಡೋದು ಕ್ಯಾಂಪಸ್ ಹೊರಗಿನ ಕಾರಣಕ್ಕೆ, ಕೆಲಸದ ಗಂಟೆ, ಮಕ್ಕಳು, ದುಡ್ಡು ಅಂತ ತಿದ್ದಿದ್ರು. ಅವ್ರು ಬರೆದಿದ್ದು ಬ್ಯಾಚುಲರ್ಸ್ ವಿದ್ಯಾರ್ಥಿಗಳ ಬಗ್ಗೆ. ಆದ್ರೆ ರಾತ್ರಿ ಹನ್ನೊಂದಕ್ಕೆ ಮಗು ಮಲಗಿದ ಮೇಲೆ ಬೀನ್ ಮತ್ತು ಮೆಟ್ಸ್‌ನರ್ ಓದ್ತಾ ಕೂತ ಎಡ್‌ಡಿ ವಿದ್ಯಾರ್ಥಿನಿಗೆ ಯಾರ ಬಗ್ಗೆ ಬರೆದಿದ್ದಾರೆ ಅಂತ ಹೇಳಿಕೊಡ್ಬೇಕಾಗಿಲ್ಲ.

ಸರಿ, ದುಡ್ಡು.

ಮೊದಲು ಫೀಸ್ ಮಾಫಿ. ನೌಕರರಿಗೆ ಟ್ಯೂಶನ್ ಬಿಡೋ ಸೌಲಭ್ಯ ಬಹಳ ಯುನಿವರ್ಸಿಟಿಗಳಲ್ಲಿ ಇದೆ, ನಿಜಕ್ಕೂ ಒಳ್ಳೇ ಸೌಲಭ್ಯ. ಆದ್ರೆ ಅಮೆರಿಕದ ತೆರಿಗೆ ಕಾನೂನಲ್ಲಿ ಬ್ಯಾಚುಲರ್ಸ್ ಮಟ್ಟದ ಮಾಫಿಗೆ ಒಂದು ನಿಯಮ, ಗ್ರ್ಯಾಜುಯೇಟ್ ಮಟ್ಟಕ್ಕೆ ಇನ್ನೊಂದು. ಟೀಚಿಂಗ್ ಅಥವಾ ರಿಸರ್ಚ್ ಅಸಿಸ್ಟೆಂಟ್ ಆಗಿರೋ ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ, ಆದ್ರೆ ಅಡ್ಮಿಶನ್ ಆಫೀಸಿನ ನೌಕರ ಡಾಕ್ಟರೇಟ್ ಓದಿದ್ರೆ ವರ್ಷಕ್ಕೆ 5,250 ಡಾಲರ್ ತನಕ ಮಾತ್ರ ತೆರಿಗೆ ಇಲ್ಲ, ಅದಕ್ಕಿಂತ ಮೇಲಿನ ಮಾಫಿ ಸಾಮಾನ್ಯವಾಗಿ ಸಂಬಳದ ಲೆಕ್ಕಕ್ಕೆ ಸೇರುತ್ತೆ. ಉದಾಹರಣೆಗೆ ವರ್ಷಕ್ಕೆ 18,000 ಡಾಲರ್ ಫೀಸ್ ಮಾಫಿ ಆಯ್ತು ಅನ್ಕೊಳ್ಳಿ. 12,750 ಡಾಲರ್ ನಿಮಗೆ ಬಂದ ಆದಾಯ ಅಂತ ಬರೀತಾರೆ, ಕೈಗೆ ಒಂದು ಪೈಸೆ ಬಂದಿರಲ್ಲ. ನೀವು 22%ರ ಸ್ಲ್ಯಾಬಲ್ಲಿದ್ರೆ ಅದೂ, ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರಿನ (ಪಿಂಚಣಿಗೆ, ವೃದ್ಧರ ಆರೋಗ್ಯ ವಿಮೆಗೆ ಹೋಗೋ) 7.65% ಕೂಡ ಸೇರಿ ಸುಮಾರು 3,780 ಡಾಲರ್ ಸಂಬಳದಿಂದ ಕಟ್, ರಾಜ್ಯದ ತೆರಿಗೆ ಇದ್ದಲ್ಲಿ ಅದು ಬೇರೆ. ಈಗಿನ ಕೆಲಸಕ್ಕೆ ನೇರವಾಗಿ ಸಂಬಂಧಪಟ್ಟ ಓದು ಅಂತ ತೋರಿಸಿದ್ರೆ ಕೆಲವೊಮ್ಮೆ ಇದನ್ನ ತಪ್ಪಿಸ್ಬಹುದು, ಆದ್ರೆ ಅದಕ್ಕೆ ಪೇರೋಲ್ ಆಫೀಸು ಒಪ್ಬೇಕು, ಪೇರೋಲ್ ಆಫೀಸನ್ನ ಒಪ್ಪಿಸೋದು ಡಿಸರ್ಟೇಶನ್ ಕಮಿಟಿ ಒಪ್ಪಿಸೋದಕ್ಕಿಂತ ಸುಲಭ ಏನಲ್ಲ. ಕೆಲವು ತಿಂಗಳು ಸಂಬಳ ಇದ್ದಕ್ಕಿದ್ದ ಹಾಗೆ ಇಳಿದಾಗ ಮಾತ್ರ ಇದು ಜನಕ್ಕೆ ಗೊತ್ತಾಗುತ್ತೆ.

ಎರಡನೇದು ಲೋನ್, ದೊಡ್ಡ ಬದಲಾವಣೆ ಇಲ್ಲೇ ಇರೋದು. ಇಲ್ಲಿ ತನಕ ಗ್ರ್ಯಾಡ್ ಪ್ಲಸ್ ಅಂತ ಒಂದು ಕೇಂದ್ರ ಸರ್ಕಾರದ ಲೋನ್ ಇತ್ತು, ಫೀಸು, ಬಾಡಿಗೆ, ಊಟ ಎಲ್ಲ ಸೇರಿ ಯುನಿವರ್ಸಿಟಿ ಎಷ್ಟು ಖರ್ಚು ಅಂತ ಹೇಳುತ್ತೋ ಅಷ್ಟು ಪೂರ್ತಿ ಸಿಗ್ತಿತ್ತು, ಬಡ್ಡಿ ಮಾತ್ರ ಸಿಕ್ಕಾಪಟ್ಟೆ, 2025-26ಕ್ಕೆ 8.94%. 2025ರ ಜುಲೈ 4ರಂದು ಸಹಿ ಬಿದ್ದ ಕಾನೂನು ಇದನ್ನ ಹೊಸಬರಿಗೆ 2026ರ ಜುಲೈ 1ರಿಂದ ಮುಚ್ಚುತ್ತೆ. ಮಾಸ್ಟರ್ಸ್, ಎಡ್‌ಡಿ, ಪಿಎಚ್‌ಡಿ ಓದೋರಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್, ಅಷ್ಟೇ ಮಿತಿ. ಪ್ರೊಫೆಷನಲ್ ಡಿಗ್ರಿ ಅನ್ನೋ ಹಣೆಪಟ್ಟಿ ಇದ್ದ ಕೋರ್ಸಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ. ಆ ಪಟ್ಟೀಲಿ ಮೆಡಿಸಿನ್, ಲಾ, ಡೆಂಟಿಸ್ಟ್ರಿ, ಫಾರ್ಮಸಿ ತರದ್ದು ಇವೆ. 2025ರ ನವೆಂಬರಲ್ಲಿ ಕೇಂದ್ರ ಸರ್ಕಾರದ ಎಜುಕೇಶನ್ ಡಿಪಾರ್ಟ್‌ಮೆಂಟಿನ ಚರ್ಚೇಲಿ ತಯಾರಾದ ವ್ಯಾಖ್ಯೆ ಒಳಗೆ ನರ್ಸಿಂಗ್ ಇಲ್ಲ ಅಂತ ದೇಶಪೂರ್ತಿ ಗಲಾಟೆ ಆಯ್ತು, ಎಜುಕೇಶನ್ನೂ ಇಲ್ಲ ಅನ್ನೋದನ್ನ ಅಷ್ಟು ಜನ ಗಮನಿಸಲಿಲ್ಲ.

ಇದಕ್ಕಿಂತ ಹೆಚ್ಚು ಕಚ್ಚೋದು ಅದೇ ಕಾನೂನಿನ ಇನ್ನೊಂದು ಸಾಲು: ಪೂರ್ತಿ ಸಮಯ ಓದದೇ ಇರೋರಿಗೆ ವಾರ್ಷಿಕ ಮಿತಿಯನ್ನ ಅದೇ ಪ್ರಮಾಣದಲ್ಲಿ ಇಳಿಸ್ಬೇಕು. ಅರ್ಧ ಕೋರ್ಸ್ ತಗೊಂಡ್ರೆ ಹೆಚ್ಚುಕಮ್ಮಿ ಅರ್ಧ ಲೋನ್. ಕಾಗದದ ಮೇಲೆ ನ್ಯಾಯವಾಗೇ ಕಾಣುತ್ತೆ. ಆದ್ರೆ ಯಾರು ಪಾರ್ಟ್ ಟೈಮ್ ಓದ್ತಾರೆ? ಕೆಲಸ ಇರೋರು, ಮನೆ ಜವಾಬ್ದಾರಿ ಇರೋರು, ಅಂದ್ರೆ ವಾಪಸ್ ಬಂದವರೇ. ಮೊದಲಿನ ಹಾಗೆ ಫೀಸಿನ ಜೊತೆ ಮಕ್ಕಳನ್ನ ನೋಡ್ಕೊಳ್ಳೋರ ಖರ್ಚನ್ನೂ ಲೋನಲ್ಲಿ ತೂಗಿಸೋ ದಾರಿ ಇನ್ನಿಲ್ಲ. ಉಳಿದಿದ್ದಕ್ಕೆ ಪ್ರೈವೇಟ್ ಲೋನ್ ತಗೊಳ್ಬಹುದು, ಆದ್ರೆ ಮೂರನೇ ಮಾತು, ಹತ್ತು ವರ್ಷಕ್ಕೆ ಮನ್ನಾ, ಅದಕ್ಕೆ ಲಾಗೂ ಆಗಲ್ಲ. 2007ರಲ್ಲಿ ಬಂದ ಸಾರ್ವಜನಿಕ ಸೇವೆಯ ಮನ್ನಾ ಯೋಜನೇಲಿ ಸರ್ಕಾರಿ ಅಥವಾ ಲಾಭರಹಿತ ಯುನಿವರ್ಸಿಟೀಲಿ ಪೂರ್ತಿ ಸಮಯ ಕೆಲಸ ಮಾಡ್ತಾ 120 ಕಂತು ಕಟ್ಟಿದ್ರೆ ಉಳಿದಿದ್ದು ಹೋಗುತ್ತೆ, ಆದ್ರೆ ಅದು ಕೇಂದ್ರದ ಡೈರೆಕ್ಟ್ ಲೋನಿಗೆ ಮಾತ್ರ.

ಇನ್ನೂ ಒಂದಿದೆ. ಹೊಸ ಕಾನೂನಲ್ಲಿ ಒಂದು ಆದಾಯದ ಪರೀಕ್ಷೆ ಬಂದಿದೆ, ಒಂದು ಗ್ರ್ಯಾಜುಯೇಟ್ ಪ್ರೋಗ್ರಾಂ ಮುಗಿಸಿದವರ ಮೀಡಿಯನ್ ಆದಾಯ (ಅರ್ಧ ಜನ ಅದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ), ಬರೀ ಬ್ಯಾಚುಲರ್ಸ್ ಇರೋ 25ರಿಂದ 34 ವಯಸ್ಸಿನ ಕೆಲಸಗಾರರ ಆದಾಯಕ್ಕಿಂತ ಮೂರರಲ್ಲಿ ಎರಡು ವರ್ಷ ಕಮ್ಮಿ ಬಂದ್ರೆ ಆ ಪ್ರೋಗ್ರಾಮಿಗೆ ಕೇಂದ್ರದ ಲೋನ್ ಬಂದ್. ಸ್ಟೂಡೆಂಟ್ ಅಫೇರ್ಸ್ ಕೆಲಸದ ಸಂಬಳ ಗೊತ್ತಿರೋ ಯಾರಾದ್ರೂ ಇದನ್ನ ಓದಿ ಒಂದು ಸಲ ಉಗುಳು ನುಂಗ್ತಾರೆ. ಮಾಸ್ಟರ್ಸ್ ಕಡ್ಡಾಯ ಅಂತ ಬರೆದು ಬ್ಯಾಚುಲರ್ಸ್ ಮಟ್ಟದ ಸಂಬಳ ಕೊಡೋ ಅಭ್ಯಾಸ ಯುನಿವರ್ಸಿಟಿಗಳದ್ದೇ, ಅದರ ಫಲ ಅವ್ರದ್ದೇ ಎಜುಕೇಶನ್ ಸ್ಕೂಲಿನ ಬಾಗಿಲಿಗೆ ಬಂದು ನಿಲ್ಲೋ ಸಾಧ್ಯತೆ ಇದೆ.

ಪ್ರಮೋಶನ್ ವಿಷಯಕ್ಕೆ ಬರೋಣ. ಡಾಕ್ಟರೇಟ್ ಇಲ್ಲದೇ ಡೈರೆಕ್ಟರ್ ಹುದ್ದೆ ದಾಟೋದು ಕಷ್ಟ ಅನ್ನೋದು ನಿಜ. ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಅನ್ನೋ ಕಾಲೇಜುಗಳ ಸಂಘದ 2017ರ ಸಮೀಕ್ಷೇಲಿ ಕಾಲೇಜು ಪ್ರೆಸಿಡೆಂಟ್‌ಗಳಲ್ಲಿ, ಅಂದ್ರೆ ಕಾಲೇಜಿನ ಮುಖ್ಯಸ್ಥರಲ್ಲಿ, ಐದರಲ್ಲಿ ಹತ್ತಿರ ಹತ್ತಿರ ಇಬ್ಬರ ಅತ್ಯುನ್ನತ ಡಿಗ್ರಿ ಎಜುಕೇಶನ್ ಅಥವಾ ಹೈಯರ್ ಎಜುಕೇಶನಲ್ಲೇ ಇತ್ತು, ಎಲ್ಲಾ ಸಬ್ಜೆಕ್ಟಿಗಿಂತ ಜಾಸ್ತಿ. ಪ್ರೋಗ್ರಾಂಗಳು ಈ ಮಾತನ್ನ ದೊಡ್ಡ ಅಕ್ಷರದಲ್ಲಿ ಹಾಕ್ತವೆ. ಆದ್ರೆ ಪ್ರೆಸಿಡೆಂಟ್ ಆದವರಲ್ಲಿ ಎಷ್ಟು ಜನಕ್ಕೆ ಈ ಡಿಗ್ರಿ ಇದೆ ಅನ್ನೋದು ಒಂದು ಲೆಕ್ಕ, ಈ ಡಿಗ್ರಿ ತಗೊಂಡವರಲ್ಲಿ ಎಷ್ಟು ಜನ ಮೇಲೆ ಹೋದ್ರು ಅನ್ನೋದು ಇನ್ನೊಂದು, ಮೊದಲ ಸೆಮಿಸ್ಟರಿನ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲೇ ಇದನ್ನ ಹೇಳ್ಕೊಡ್ತಾರೆ.

ಜೊತೆಗೆ ಏಣಿಯೇ ಈಗ ಚಿಕ್ಕದಾಗ್ತಿದೆ. ಅಮೆರಿಕದಲ್ಲಿ 2007ರಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದ್ರು, ಅದು ಶಿಖರ, ಮಾರನೇ ವರ್ಷದ ಆರ್ಥಿಕ ಕುಸಿತದಿಂದ ಜನನ ಇಳೀತಾ ಬಂತು. ಆ ಶಿಖರದ ಮಕ್ಕಳಿಗೆ 2025ರಲ್ಲಿ ಹದಿನೆಂಟಾಯ್ತು. ಅಂದ್ರೆ ಇನ್ಮುಂದೆ ಪ್ರತಿ ವರ್ಷ ಹೈಸ್ಕೂಲ್ ಮುಗಿಸೋರು ಕಮ್ಮಿ, ಸಣ್ಣ ಖಾಸಗಿ ಕಾಲೇಜುಗಳು ಆಗ್ಲೇ ಬಾಗಿಲು ಹಾಕ್ತಿವೆ ಇಲ್ಲಾ ವಿಲೀನ ಆಗ್ತಿವೆ, ಎರಡು ಕಾಲೇಜು ಸೇರಿದ್ರೆ ಡೀನ್ ಒಬ್ಬರೇ ಸಾಕು. ಟೆಕ್ಸಸ್ಸಲ್ಲಿ 2024ರ ಜನವರಿಯಿಂದ ಜಾರಿಗೆ ಬಂದ ಕಾನೂನು ಸಾರ್ವಜನಿಕ ಯುನಿವರ್ಸಿಟಿಗಳ ವೈವಿಧ್ಯ ಆಫೀಸುಗಳನ್ನ (ಬೇರೆ ಬೇರೆ ಹಿನ್ನೆಲೆಯವರಿಗೆ ಅವಕಾಶ, ಬೆಂಬಲ ಸಿಗೋ ಹಾಗೆ ನೋಡ್ಕೊಳ್ಳೋ ಆಫೀಸು) ಮುಚ್ಚಿಸ್ತು, ಈ ಡಿಗ್ರಿ ತಗೊಂಡವರು ಹೋಗ್ತಿದ್ದ ಒಂದು ದೊಡ್ಡ ದಾರಿ ಅದು, ಬೇರೆ ರಾಜ್ಯಗಳೂ ಅದೇ ಹಾದಿ ಹಿಡಿದಿವೆ. ಸಂಶೋಧನೆ ಕಡೆ ಹೋಗ್ತೀನಿ ಅಂದ್ರೆ ಅಲ್ಲೂ ಏಟು ಬಿದ್ದಿದೆ: 2025ರ ಮಾರ್ಚಲ್ಲಿ ಕೇಂದ್ರ ಎಜುಕೇಶನ್ ಡಿಪಾರ್ಟ್‌ಮೆಂಟ್ ತನ್ನ ಸಿಬ್ಬಂದಿಯನ್ನ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸ್ತು, ಅಂಕಿಅಂಶ ಸಂಗ್ರಹಿಸೋ ವಿಭಾಗದಲ್ಲಿ ಬೆರಳೆಣಿಕೆ ಜನ ಉಳಿದ್ರು. ಈ ಕ್ಷೇತ್ರದ ಎಷ್ಟೋ ಪಿಎಚ್‌ಡಿಗಳು ನಿಂತಿರೋದು ಅದೇ ಸರ್ಕಾರಿ ಡೇಟಾ ಮೇಲೆ, ಒಂದೇ ಬ್ಯಾಚಿನ ವಿದ್ಯಾರ್ಥಿಗಳನ್ನ ವರ್ಷಗಟ್ಟಲೆ ಹಿಂಬಾಲಿಸೋ ಸಮೀಕ್ಷೆಗಳ ಮೇಲೆ. ಒಂದು ಸುತ್ತು ತಪ್ಪಿದ್ರೆ ಅದನ್ನ ಆಮೇಲೆ ತುಂಬಕ್ಕಾಗಲ್ಲ, ಆ ವರ್ಷದ ವಿದ್ಯಾರ್ಥಿಗಳು ಹೋಗಿಯಾಯ್ತು.

ಹಾಗಾದ್ರೆ ಹೋಗ್ಬಾರ್ದಾ? ನಾನು ಹಾಗೆ ಹೇಳಲ್ಲ. ಯಾರಾದ್ರೂ ಕೇಳಿದ್ರೆ ನಾನು ಮೊದಲು ಕೇಳೋದು, ನಿಮ್ಮ ಆಫೀಸಲ್ಲಿ ನಿಮಗೆ ಉತ್ತರ ಸಿಗದೇ ಉಳಿದಿರೋ ಪ್ರಶ್ನೆ ಯಾವುದು ಅಂತ. ಎರಡನೇ ವರ್ಷದಲ್ಲಿ ಮಾಯ ಆಗೋ ಹುಡುಗರ ಬಗ್ಗೆನೋ, ವರ್ಗಾವಣೆಯಲ್ಲಿ ಕಳೆದುಹೋಗೋ ಕ್ರೆಡಿಟ್‌ಗಳ ಬಗ್ಗೆನೋ, ಏನಾದ್ರೂ ಒಂದು ತಲೆ ತಿನ್ನೋದು ಇದ್ದು, ಫೀಸಿನ ದೊಡ್ಡ ಪಾಲು ಬೇರೆ ಯಾರೋ ಕಟ್ತಾರೆ ಅಂತ ಆದ್ರೆ ಈ ಓದು ರುಚಿ ಕೊಡುತ್ತೆ. ಪ್ರಶ್ನೆ ಇಲ್ಲ, ಬರೀ ಜಾಹೀರಾತಿನ ಆ ಸಾಲು ಅಂತ ಆದ್ರೆ ಮೊದಲು ಅದೇ ಆಫೀಸಲ್ಲಿ ಆ ಮೇಲಿನ ಹುದ್ದೇಲಿ ಇರೋರ ಹತ್ರ ಆ ಡಿಗ್ರಿ ನಿಜವಾಗ್ಲೂ ಇದೆಯಾ ಅಂತ ನೋಡಿ, ಇಲ್ಲದೇ ಇರೋರು ಸಿಗೋದು ಅಪರೂಪ ಅಲ್ಲ.

ಇನ್ಫರ್ಮೇಶನ್ ಸೆಶನ್ನಿಗೆ ಹೋದಾಗ ಕೇಳ್ಬೇಕಾದ ಪ್ರಶ್ನೆಗಳೂ ಬೇರೆ. ಎಷ್ಟು ವರ್ಷದ ಪ್ರೋಗ್ರಾಂ ಅಂತ ಕೇಳ್ಬೇಡಿ, ಆರು ವರ್ಷದ ಹಿಂದೆ ಒಟ್ಟಿಗೆ ಸೇರಿದವರಲ್ಲಿ ಎಷ್ಟು ಜನ ಮುಗಿಸಿದ್ರು ಅಂತ ಕೇಳಿ. ನನ್ನ ಗೈಡ್ ಆಗೋರು ಈಗ ಎಷ್ಟು ಜನರನ್ನ ಗೈಡ್ ಮಾಡ್ತಿದ್ದಾರೆ, ಪಾರ್ಟ್ ಟೈಮ್ ತಗೊಂಡ್ರೆ ಲೋನ್ ಮಿತಿ ಎಷ್ಟಕ್ಕೆ ಇಳಿಯುತ್ತೆ, ಫೀಸ್ ಮಾಫಿ ಯಾವ ತಿಂಗಳ ಸಂಬಳದಲ್ಲಿ ಆದಾಯ ಅಂತ ಕಾಣಿಸ್ಕೊಳ್ಳುತ್ತೆ, ನನ್ನ ಆಫೀಸಲ್ಲೇ ಸಂಶೋಧನೆ ಮಾಡಿದ್ರೆ ರಿವ್ಯೂ ಬೋರ್ಡ್ ಒಪ್ಪುತ್ತಾ. ಉತ್ತರ ಹೇಳೋ ಕೋಆರ್ಡಿನೇಟರ್ ಮುಖ ನೋಡ್ತಾ ಇರಿ. ನಿಮ್ಮಂಥ ಅನುಭವ ಇದ್ದವರಿಗೆ ನಮ್ಮ ಸರ್ಟಿಫಿಕೇಟ್ ಕೋರ್ಸ್ ಚೆನ್ನಾಗಿ ಸೂಟ್ ಆಗಬಹುದು, ಮೊದಲು ಅದನ್ನ ನೋಡಿ ಆಮೇಲೆ ಯೋಚಿಸೋಣ ಅಂತ ಅವ್ರು ಮೆಲ್ಲಗೆ, ನಗ್ತಾ ಹೇಳಿದ್ರೆ, ನಿಮ್ಮ ಮೇಲೆ ಈಗ ನಡೀತಿರೋದಕ್ಕೆ ಕ್ಲಾರ್ಕ್ 1960ರಲ್ಲಿ ಇಟ್ಟ ಹೆಸರು ನಿಮಗೆ ಆಗ್ಲೇ ಗೊತ್ತು.